37ಕ್ಕೆ ಮಾರಿ 16ಕ್ಕೆ ಕೊಂಡರೆ ಲಾಭ ಶೇಕಡಾ ಎಷ್ಟು? ಯೆಸ್ ಬ್ಯಾಂಕ್ ಶಾರ್ಟ್: ಒಂದು ಪ್ರಕರಣ ಅಧ್ಯಯನ

37 ರೂಪಾಯಿಗೆ ಮಾರಿದ ಷೇರನ್ನು ಮರುದಿನ 16 ರೂಪಾಯಿಗೆ ವಾಪಸ್ ಕೊಂಡರೆ ಷೇರಿಗೆ 21 ರೂಪಾಯಿ ಲಾಭ. ಹೀಗೆ ಕೈಯಲ್ಲಿಲ್ಲದ ಷೇರನ್ನು ಮೊದಲು ಮಾರಿ ಆಮೇಲೆ ಕೊಳ್ಳುವುದೇ ಶಾರ್ಟ್. ಲಾಭ 21 ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಶೇಕಡಾ ಎಷ್ಟು ಅಂತ ಕೇಳಿ ನೋಡಿ, ಆಗ ಶುರುವಾಗುತ್ತದೆ. ಒಬ್ಬರು ಶೇ 57 ಅಂತಾರೆ. ಇನ್ನೊಬ್ಬರ ಎಕ್ಸೆಲ್ ಶೀಟು ಶೇ 131 ತೋರಿಸುತ್ತದೆ. ಮೂರನೆಯವರು ಮಾರ್ಜಿನ್ (ವ್ಯಾಪಾರಕ್ಕೆ ಬ್ರೋಕರ್ ಬಳಿ ಕಟ್ಟುವ ಮುಂಗಡ) ಹಿಡಿದುಕೊಂಡು ಶೇ 142 ಅಂತಾರೆ. ಇವುಗಳಲ್ಲಿ ಎರಡು ಸರಿ, ಒಂದು ತಪ್ಪು. ಆ ತಪ್ಪಿನಿಂದ ಲಾಭದ ದಿನ ಏನೂ ನಷ್ಟವಾಗುವುದಿಲ್ಲ, ಸುಮ್ನೆ ಖುಷಿ ಜಾಸ್ತಿಯಾಗುತ್ತದೆ ಅಷ್ಟೇ. ಪೆಟ್ಟು ಬೀಳುವುದು ಬೆಲೆ ಏರಿದ ದಿನ. ಅದನ್ನು ತೋರಿಸಲು 2020ರ ಮಾರ್ಚ್‌ನ ಯೆಸ್ ಬ್ಯಾಂಕ್‌ಗಿಂತ ಒಳ್ಳೆಯ ಪ್ರಕರಣ ನಮ್ಮ ಮಾರುಕಟ್ಟೆಯಲ್ಲಿ ನನಗೆ ಸಿಕ್ಕಿಲ್ಲ. ಎರಡೇ ವಾರದಲ್ಲಿ ಆ ಷೇರು ಬಿದ್ದದ್ದೂ ಆಯ್ತು, ಎದ್ದದ್ದೂ ಆಯ್ತು.

ನಡೆದದ್ದೇನು

2020ರ ಮಾರ್ಚ್ 5, ಗುರುವಾರ. ಎಸ್‌ಬಿಐ ಸೇರಿ ಕೆಲವರು ಯೆಸ್ ಬ್ಯಾಂಕಿಗೆ ಬಂಡವಾಳ ಹಾಕುತ್ತಾರಂತೆ ಎಂಬ ಸುದ್ದಿಗೆ ಷೇರು ಹಗಲಿಡೀ ಏರಿತು. ಹಿಂದಿನ ದಿನ 29 ರೂಪಾಯಿ ಆಸುಪಾಸಿನಲ್ಲಿದ್ದದ್ದು 37ರ ಹತ್ತಿರ ಮುಗಿಯಿತು. ಒಂದೇ ದಿನಕ್ಕೆ ಕಾಲು ಭಾಗ ಏರಿಕೆ. ಅವತ್ತು ಸಂಜೆ ರಿಸರ್ವ್ ಬ್ಯಾಂಕ್ ಮೊರಾಟೋರಿಯಂ ಹೇರಿತು. ಖಾತೆಯಿಂದ 50 ಸಾವಿರಕ್ಕಿಂತ ಜಾಸ್ತಿ ತೆಗೆಯುವಂತಿಲ್ಲ, ಆಡಳಿತ ಮಂಡಳಿ ರದ್ದು, ಎಸ್‌ಬಿಐನಲ್ಲಿ ಮುಖ್ಯ ಹಣಕಾಸು ಅಧಿಕಾರಿಯಾಗಿದ್ದ ಪ್ರಶಾಂತ್ ಕುಮಾರ್ ಆಡಳಿತಾಧಿಕಾರಿ. ಬೆಂಗಳೂರಿನ ಫೋನ್‌ಪೇ ತನ್ನ ಯುಪಿಐಗೆ ಇದೇ ಬ್ಯಾಂಕನ್ನು ನೆಚ್ಚಿಕೊಂಡಿತ್ತು. ಅದು ಅವತ್ತು ರಾತ್ರಿಯೇ ನಿಂತುಹೋಯಿತು. ಅಂಗಡಿಯಲ್ಲಿ ಫೋನ್ ಹಿಡಿದು ನಿಂತವರಿಗೆ ಬ್ಯಾಂಕ್ ಮುಳುಗುತ್ತಿದೆ ಅಂತ ಗೊತ್ತಾಗಿದ್ದು ಹಾಗೆ.

6ನೇ ತಾರೀಕು ಷೇರು ದಿನದ ನಡುವೆ 5 ರೂಪಾಯಿ 55 ಪೈಸೆ ತನಕ ಹೋಗಿ, ಸಂಜೆಗೆ 16ರ ಹತ್ತಿರ ನಿಂತಿತು. ಫ್ಯೂಚರ್ಸ್ (ಮುಂದಿನ ತಾರೀಕಿನ ವ್ಯಾಪಾರಕ್ಕೆ ಈಗಲೇ ಬೆಲೆ ಕಟ್ಟುವ ಒಪ್ಪಂದ) ಇರುವ ಷೇರಾದ್ದರಿಂದ ಶೇ 20ಕ್ಕೆ ನಿಲ್ಲಿಸುವ ಗಟ್ಟಿ ಸರ್ಕ್ಯೂಟ್ ಇರಲಿಲ್ಲ. ಅದಕ್ಕೇ ಒಂದೇ ದಿನ ಅಷ್ಟು ಆಳಕ್ಕೆ ಬಿತ್ತು.

13ನೇ ತಾರೀಕು ಸರ್ಕಾರ ಪುನಶ್ಚೇತನ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲೊಂದು ಷರತ್ತು: 100 ಅಥವಾ ಅದಕ್ಕಿಂತ ಹೆಚ್ಚು ಷೇರು ಇಟ್ಟುಕೊಂಡವರ ಶೇ 75ರಷ್ಟು ಷೇರುಗಳಿಗೆ ಮೂರು ವರ್ಷ ಬೀಗ. ಮಾರುಕಟ್ಟೆಗೆ ಬರಬಹುದಾದ ಷೇರುಗಳೇ ಏಕಾಏಕಿ ಕಡಿಮೆಯಾದವು. ಶಾರ್ಟ್ ಮಾಡಿದ್ದವರು ವಾಪಸ್ ಕೊಳ್ಳಲೇಬೇಕು, ಮಾರುವವರು ಇಲ್ಲ. 13ರಂದು 25.5ರ ಹತ್ತಿರ ಮುಗಿದದ್ದು ಸೋಮವಾರ 16ರಂದು 37, ಮಂಗಳವಾರ 59, ಬುಧವಾರ 18ರಂದು ದಿನದ ನಡುವೆ 88ರ ಹತ್ತಿರ. ಅವತ್ತೇ ಸಂಜೆ 6ಕ್ಕೆ ಮೊರಾಟೋರಿಯಂ ತೆಗೆದರು. ಇದೇ ಹೊತ್ತಿನಲ್ಲಿ ಎಸ್‌ಬಿಐ ಷೇರಿಗೆ 10 ರೂಪಾಯಿಯಂತೆ ಕೊಂಡಿತ್ತು ಅನ್ನುವುದನ್ನು ನೆನಪಿಟ್ಟುಕೊಂಡರೆ, 88 ಎಂಥ ಬೆಲೆ ಅಂತ ಗೊತ್ತಾಗುತ್ತದೆ.

ಲೆಕ್ಕ ಸುಲಭವಾಗಲಿ ಅಂತ ಕೆಳಗೆ ಈ ಹತ್ತಿರದ ಬೆಲೆಗಳನ್ನೇ ಬಳಸುತ್ತೇನೆ. ವ್ಯಾಪಾರಗಳು ಕಾಲ್ಪನಿಕ, ಬೆಲೆಗಳು ಅಲ್ಲ.

ಶಾರ್ಟ್ ಅಂದರೆ ಯಾವ ಶಾರ್ಟ್

ನಮ್ಮಲ್ಲಿ ಸಾಮಾನ್ಯ ಹೂಡಿಕೆದಾರನಿಗೆ ಇರುವ ದಾರಿಗಳು ಕಡಿಮೆ. ಇಂಟ್ರಾಡೇಯಲ್ಲಿ ಮೊದಲು ಮಾರಿ, ಅವತ್ತೇ ಮಾರುಕಟ್ಟೆ ಮುಚ್ಚುವುದರೊಳಗೆ ಕೊಂಡು ಮುಗಿಸಬೇಕು. ರಾತ್ರಿ ಇಟ್ಟುಕೊಳ್ಳಬೇಕಾದರೆ ಫ್ಯೂಚರ್ಸ್. ಷೇರನ್ನು ಕಡ ತಂದು ಮಾರುವ ಎಸ್‌ಎಲ್‌ಬಿ ವ್ಯವಸ್ಥೆ 2008ರಿಂದ ಇದೆ, ಆದರೆ ಚಿಕ್ಕ ಟ್ರೇಡರ್‌ಗಳು ಆ ಕಡೆ ಹೋಗುವುದು ಕಡಿಮೆ. 5ನೇ ತಾರೀಕು ಮಾರಿ 6ನೇ ತಾರೀಕು ಕೊಂಡ ನಮ್ಮ ಉದಾಹರಣೆ ಇಂಟ್ರಾಡೇಯಲ್ಲಿ ಆಗುವ ಮಾತಲ್ಲ, ಅದು ಫ್ಯೂಚರ್ಸ್ ವ್ಯಾಪಾರವೇ. ಫ್ಯೂಚರ್ಸ್ ಬೆಲೆಗೂ ಷೇರು ಬೆಲೆಗೂ ಇರುವ ವ್ಯತ್ಯಾಸ ಮತ್ತು ಲಾಟ್ ಗಾತ್ರವನ್ನು (ಒಂದು ಒಪ್ಪಂದಕ್ಕೆ ಇಷ್ಟು ಷೇರು ಎಂಬ ನಿಗದಿ) ಬದಿಗಿಟ್ಟು 10,000 ಷೇರು ಅಂತ ಹಿಡಿಯೋಣ.

ಯಾವುದರಿಂದ ಭಾಗಿಸಬೇಕು

ಮಾಮೂಲಿ ಖರೀದಿಯಲ್ಲಿ ನಾವೆಲ್ಲ ಕಲಿತ ಸೂತ್ರ ಇದು: ಮಾರಿದ ಬೆಲೆಯಿಂದ ಕೊಂಡ ಬೆಲೆ ಕಳೆ, ಕೊಂಡ ಬೆಲೆಯಿಂದ ಭಾಗಿಸು. ಏಳನೇ ಕ್ಲಾಸಿನ ಲಾಭ-ನಷ್ಟದ ಲೆಕ್ಕ. ಶೀಟಿನಲ್ಲಿ ಇದೇ ಸೂತ್ರವನ್ನು ಮೇಲಿಂದ ಕೆಳಗೆ ಎಳೆದುಬಿಟ್ಟಿರುತ್ತಾರೆ. ಶಾರ್ಟ್ ವ್ಯಾಪಾರ ಬಂದಾಗಲೂ ಅದೇ ಸೂತ್ರ ಓಡುತ್ತದೆ. 37ರಿಂದ 16 ಕಳೆದರೆ 21. 16ರಿಂದ ಭಾಗಿಸಿದರೆ ಶೇ 131.

ಇಲ್ಲಿ ತಪ್ಪಿರುವುದು ಕೆಳಗಿನ ಸಂಖ್ಯೆ. ಏಳನೇ ಕ್ಲಾಸಿನ ಲೆಕ್ಕದಲ್ಲಿ ಕೊಂಡ ಬೆಲೆಯಿಂದ ಭಾಗಿಸಿದ್ದು ಅದು ‘ಕೊಂಡ’ ಬೆಲೆ ಅಂತಲ್ಲ, ವ್ಯಾಪಾರ ಶುರುವಾದ ಬೆಲೆ ಅಂತ. ಅಂಗಡಿಯವನು ಮೊದಲು ಕೊಳ್ಳುತ್ತಾನೆ, ಆಮೇಲೆ ಮಾರುತ್ತಾನೆ. ಹಾಗಾಗಿ ಎರಡೂ ಒಂದೇ ಆಗಿತ್ತು. ಶಾರ್ಟ್‌ನಲ್ಲಿ ಶುರುವಾಗುವುದೇ ಮಾರಾಟದಿಂದ. ನೀವು ಒಳಗೆ ಬಂದ ಬೆಲೆ 37. ನೀವು ಹೊತ್ತ ವ್ಯಾಪಾರದ ಗಾತ್ರ ಷೇರಿಗೆ 37. ಹೊರಗೆ ಹೋಗುವ ಬೆಲೆ ಎಷ್ಟು ಅಂತ ಆಗ ಗೊತ್ತೇ ಇರಲಿಲ್ಲ. ಗೊತ್ತಿಲ್ಲದ ಬೆಲೆಯನ್ನು ಹೂಡಿಕೆ ಅಂತ ಕರೆಯುವುದು ಹೇಗೆ?

ಶಾರ್ಟ್‌ನ ಲಾಭ ಶೇಕಡಾ = (ಮಾರಿದ ಬೆಲೆ − ಕೊಂಡ ಬೆಲೆ) ÷ ಮಾರಿದ ಬೆಲೆ × 100

21ನ್ನು 37ರಿಂದ ಭಾಗಿಸಿದರೆ ಶೇ 56.8. ಅವತ್ತು ಷೇರು ಬಿದ್ದದ್ದೂ ಅಷ್ಟೇ. ಶಾರ್ಟ್ ಮಾಡಿದವನ ಲಾಭ ಷೇರಿನ ಇಳಿಕೆಗೆ ಸಮ ಇರಬೇಕು ಅನ್ನುವುದು ಸಾಮಾನ್ಯ ಜ್ಞಾನ ಅಲ್ವಾ? ಷೇರು ಶೇ 57 ಬಿದ್ದು ನಿಮಗೆ ಶೇ 131 ಬಂತು ಅಂದರೆ ಆ ಹೆಚ್ಚಿನ ದುಡ್ಡು ಎಲ್ಲಿಂದ ಬಂತು ಅಂತ ಯಾರಾದರೂ ಕೇಳಬೇಕಿತ್ತು.

ಒಂದು ಪರೀಕ್ಷೆ ಇದೆ, ತುಂಬಾ ಸರಳ. ಷೇರಿನ ಬೆಲೆ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. 37ಕ್ಕೆ ಮಾರಿದವನಿಗೆ ಅತಿ ಹೆಚ್ಚೆಂದರೆ 37 ರೂಪಾಯಿ ಸಿಗಬಹುದು. ಅಂದರೆ ಶಾರ್ಟ್‌ನಲ್ಲಿ ಬೆಲೆಯ ಲೆಕ್ಕದಲ್ಲಿ ಶೇ 100 ದಾಟುವ ಲಾಭವೇ ಇಲ್ಲ. 6ನೇ ತಾರೀಕಿನ ಅತಿ ಕೆಳಗಿನ ಬೆಲೆಗೆ ಕೊಂಡು ಮುಗಿಸಿದ ಅದೃಷ್ಟವಂತ ಇದ್ದ ಅಂದುಕೊಂಡರೂ ಅವನಿಗೆ ಸಿಕ್ಕಿದ್ದು ಶೇ 85. ತಪ್ಪು ಸೂತ್ರ ಅವನಿಗೆ ತೋರಿಸುವುದು ಶೇ 567. ಯಾರಾದರೂ ಶಾರ್ಟ್‌ನಲ್ಲಿ ಶೇ 200 ಮಾಡಿದೆ ಅಂದರೆ ಎರಡರಲ್ಲಿ ಒಂದು: ಶೀಟಿನ ಸೂತ್ರ ತಪ್ಪು, ಇಲ್ಲವೇ ಅವರು ಬೇರೆ ಯಾವುದರಿಂದಲೋ ಭಾಗಿಸಿದ್ದಾರೆ. ಮಾರ್ಜಿನ್‌ನಿಂದ ಇರಬಹುದು. ಪುಟ್ ಆಪ್ಷನ್ (ನಿಗದಿತ ಬೆಲೆಗೆ ಮಾರುವ ಹಕ್ಕು) ಕೊಂಡವರಾದರೆ ಅದಕ್ಕೆ ಕೊಟ್ಟ ಪ್ರೀಮಿಯಂನಿಂದ ಭಾಗಿಸುತ್ತಾರೆ. ಅಲ್ಲಿ ಶೇ 500 ಕೂಡ ಸುಳ್ಳಲ್ಲ, ಆದರೆ ಅದು ಶಾರ್ಟ್ ಅಲ್ಲ.

ಮೊಬೈಲಿನಲ್ಲಿ ಕಾಣುವ ಶೇಕಡಾ

ಬ್ರೋಕರ್ ಆ್ಯಪ್‌ನಲ್ಲಿ ಪೊಸಿಷನ್ ಪುಟ ತೆಗೆದರೆ ಶಾರ್ಟ್ ವ್ಯಾಪಾರದ ಮುಂದೆ ಷೇರುಗಳ ಸಂಖ್ಯೆ ಮೈನಸ್‌ನಲ್ಲಿ ಇರುತ್ತದೆ: −10,000. ಪಕ್ಕದಲ್ಲಿ ಸರಾಸರಿ ಬೆಲೆ, ಈಗಿನ ಬೆಲೆ, ಲಾಭ-ನಷ್ಟ ರೂಪಾಯಿಯಲ್ಲಿ. ಶೇಕಡಾ ಅಂತ ಒಂದು ಸಂಖ್ಯೆ ಕಂಡರೆ ಬಹಳ ಸಲ ಅದು ನಿನ್ನೆಯ ಮುಕ್ತಾಯ ಬೆಲೆಗೆ ಹೋಲಿಸಿದ ಷೇರಿನ ಏರಿಳಿತ. ನಿಮ್ಮದಲ್ಲ. ಎಷ್ಟೋ ಜನ ಅದನ್ನೇ ತಮ್ಮ ಲಾಭ ಅಂತ ಸ್ಕ್ರೀನ್‌ಶಾಟ್ ಹಾಕುತ್ತಾರೆ.

4ನೇ ತಾರೀಕು 29ಕ್ಕೆ ಶಾರ್ಟ್ ಮಾಡಿದವನನ್ನು ನೋಡಿ. 5ರಂದು 37 ಆದಾಗ ಅವನಿಗೆ ಶೇ 27.6 ನಷ್ಟ. ಅಷ್ಟು ಹೊತ್ತು ತಡೆದುಕೊಂಡು 6ರಂದು 16ಕ್ಕೆ ಮುಗಿಸಿದರೆ 13 ರೂಪಾಯಿ ಲಾಭ. 29ರಿಂದ ಭಾಗಿಸಿದರೆ ಶೇ 44.8. ಅವತ್ತು ಪರದೆ ಮೇಲೆ ಕೆಂಪಕ್ಷರದಲ್ಲಿ ಇದ್ದದ್ದು ಸುಮಾರು ಶೇ 57ರ ಇಳಿಕೆ. ಅದು 37ಕ್ಕೆ ಮಾರಿದವನ ಸಂಖ್ಯೆ, ಇವನದಲ್ಲ.

ಬೆಲೆ ಏರಿದಾಗ

ಈಗ 6ನೇ ತಾರೀಕು ಸಂಜೆ 16ಕ್ಕೆ ಶಾರ್ಟ್ ಮಾಡಿದವನಿಗೆ ಬರೋಣ. ಅವನ ತರ್ಕದಲ್ಲಿ ಹುಚ್ಚೇನಿರಲಿಲ್ಲ. ಹಳೇ ಬೋರ್ಡ್ ಹೋಗಿದೆ, ಠೇವಣಿಗೆ ಬೀಗ ಬಿದ್ದಿದೆ, ಎಸ್‌ಬಿಐ 10 ರೂಪಾಯಿಗೆ ಕೊಳ್ಳುತ್ತದೆ ಅಂತ ಯೋಜನೆಯ ಕರಡಿನಲ್ಲೇ ಇದೆ. 16ಕ್ಕೆ ಮಾರಿ 10ಕ್ಕೆ ಕೊಂಡರೆ ಶೇ 37.5. ಇಷ್ಟು ಸ್ಪಷ್ಟವಾಗಿ ಕಾಣುವ ಲಾಭ ಯಾವಾಗ ಸಿಗುತ್ತೆ?

17ರಂದು ಬೆಲೆ 59. ನಷ್ಟ 43 ರೂಪಾಯಿ. 16ರಿಂದ ಭಾಗಿಸಿದರೆ ಶೇ 269. ಆದರೆ ಹಳೇ ಶೀಟು ಕೊಂಡ ಬೆಲೆಯಿಂದ, ಅಂದರೆ 59ರಿಂದ ಭಾಗಿಸುತ್ತದೆ. ಅದು ತೋರಿಸುವುದು ಶೇ 73 ನಷ್ಟ. 18ರಂದು 88ಕ್ಕೆ ಸಿಕ್ಕಿಬಿದ್ದವನಿಗೆ ನಿಜವಾದ ನಷ್ಟ ಶೇ 450. ಶೀಟಿನ ಪ್ರಕಾರ ಶೇ 82.

ಇದೇ ಈ ಪ್ರಕರಣದ ತಿರುಳು. ತಪ್ಪು ಸೂತ್ರ ಎರಡೂ ಕಡೆ ಒಂದೇ ಥರ ತಪ್ಪಿದ್ದರೆ ಪರವಾಗಿರಲಿಲ್ಲ. ಅದು ಲಾಭವನ್ನು ಉಬ್ಬಿಸುತ್ತದೆ, ನಷ್ಟವನ್ನು ಕುಗ್ಗಿಸುತ್ತದೆ. ಆ ಸೂತ್ರದಲ್ಲಿ ನಷ್ಟ ಎಷ್ಟೇ ಆದರೂ ಶೇ 100 ಮುಟ್ಟುವುದೇ ಇಲ್ಲ, ಲಾಭಕ್ಕೆ ಮಾತ್ರ ಮಿತಿಯಿಲ್ಲ. ಶಾರ್ಟ್‌ನ ನಿಜ ಸ್ವಭಾವ ಇದರ ಪೂರ್ತಿ ಉಲ್ಟಾ: ಲಾಭ ಶೇ 100ಕ್ಕೆ ನಿಲ್ಲುತ್ತದೆ, ನಷ್ಟಕ್ಕೆ ತುದಿಯಿಲ್ಲ. ಆ ಶೀಟು ನೋಡಿ ಸ್ಟಾಪ್‌ಲಾಸ್ ಇಡುವವನು ತನಗೆ ಗೊತ್ತಿಲ್ಲದೆ ಇನ್ನೊಂದು ಆಟದ ನಿಯಮ ಹಿಡಿದು ಆಡುತ್ತಿರುತ್ತಾನೆ. ಶೇ 50 ನಷ್ಟಕ್ಕೆ ಹೊರಗೆ ಬರುತ್ತೇನೆ ಅಂದುಕೊಂಡರೆ ಸರಿಯಾದ ಲೆಕ್ಕದಲ್ಲಿ ಅದು 24 ರೂಪಾಯಿ. ಶೀಟಿನ ಲೆಕ್ಕದಲ್ಲಿ 32 ರೂಪಾಯಿ. ಷೇರಿಗೆ 8 ರೂಪಾಯಿ ವ್ಯತ್ಯಾಸ, 10,000 ಷೇರಿಗೆ 80 ಸಾವಿರ. ಬರೀ ಭಾಗಾಕಾರದ ತಪ್ಪಿಗೆ ಇದು ದುಬಾರಿ.

ಮಾರ್ಜಿನ್ ಲೆಕ್ಕ, ಖಾತೆ ಲೆಕ್ಕ

ಮೊದಲು ಹೇಳಿದ ಶೇ 142 ಎಲ್ಲಿಂದ ಬಂತು? 37ರಂತೆ 10,000 ಷೇರಿನ ವ್ಯಾಪಾರದ ಮೌಲ್ಯ 3.7 ಲಕ್ಷ. ಅಷ್ಟು ದುಡ್ಡನ್ನು ಯಾರೂ ಕಟ್ಟುವುದಿಲ್ಲ, ಮಾರ್ಜಿನ್ ಕಟ್ಟುತ್ತಾರೆ. ಶೇ 40 ಅಂದುಕೊಳ್ಳಿ: 1.48 ಲಕ್ಷ. ಲಾಭ 2.1 ಲಕ್ಷ. ಭಾಗಿಸಿದರೆ ಶೇ 142. ಇದು ಸುಳ್ಳಲ್ಲ. ‘ಕಟ್ಟಿದ ದುಡ್ಡಿಗೆ ಎಷ್ಟು ಬಂತು’ ಎಂಬ ಪ್ರಶ್ನೆಗೆ ಇದೇ ಸರಿಯಾದ ಉತ್ತರ. ತೊಂದರೆ ಏನೆಂದರೆ ಮಾರ್ಜಿನ್ ಬ್ರೋಕರ್ ಮತ್ತು ಎಕ್ಸ್‌ಚೇಂಜ್ ತೀರ್ಮಾನಿಸುವ ಸಂಖ್ಯೆ. ಏರಿಳಿತ ಜಾಸ್ತಿಯಾದರೆ ಅದೂ ಜಾಸ್ತಿ. ಅದೇ ತಿಂಗಳ 20ರಂದು ಕೊರೊನಾ ಗಾಬರಿಯಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಕೂಡ ಮಾರ್ಜಿನ್ ಬಿಗಿಗೊಳಿಸಿತ್ತು. ಒಂದೇ ವ್ಯಾಪಾರ, ಒಂದೇ ಲಾಭ, ಮಾರ್ಜಿನ್ ಶೇ 20 ಇದ್ದರೆ ಶೇ 284, ಶೇ 60 ಇದ್ದರೆ ಶೇ 95. ಹಾಗಾಗಿ ಮಾರ್ಜಿನ್ ಮೇಲಿನ ಶೇಕಡಾ ಹಿಡಿದು ಎರಡು ವ್ಯಾಪಾರಗಳನ್ನು ಹೋಲಿಸಲು ಹೋದರೆ ನೀವು ನಿಮ್ಮ ಜಾಣತನವನ್ನಲ್ಲ, ಬ್ರೋಕರ್ ಕೊಟ್ಟ ಸಾಲದ ಗಾತ್ರವನ್ನು ಅಳೆಯುತ್ತಿರುತ್ತೀರಿ.

ನನ್ನ ಪ್ರಕಾರ ಮನೆಯವರಿಗೆ ಹೇಳಬೇಕಾದ ಸಂಖ್ಯೆ ಇವು ಯಾವುದೂ ಅಲ್ಲ, ಖಾತೆಯ ಮೇಲಿನ ಶೇಕಡಾ. ಖಾತೆಯಲ್ಲಿ ಒಟ್ಟು ಎಷ್ಟಿತ್ತು? 5 ಲಕ್ಷ ಇದ್ದರೆ ಆ 2.1 ಲಕ್ಷ ಲಾಭ ಶೇ 42.

ಈಗ ಇದೇ 5 ಲಕ್ಷದ ಖಾತೆಯಿಂದ 16ಕ್ಕೆ ಶಾರ್ಟ್ ಮಾಡಿದವನನ್ನು ನೋಡೋಣ. ವ್ಯಾಪಾರದ ಮೌಲ್ಯ 1.6 ಲಕ್ಷ, ಮಾರ್ಜಿನ್ 64 ಸಾವಿರ. ಖಾತೆಯ ಮೂರನೇ ಒಂದು ಭಾಗದಷ್ಟೂ ಇಲ್ಲದ ವ್ಯಾಪಾರ. ಯಾರು ನೋಡಿದರೂ ಎಚ್ಚರದ ಮನುಷ್ಯ ಅನ್ನಬೇಕು. ಬೆಲೆ 59 ಆದಾಗ ನಷ್ಟ 4.3 ಲಕ್ಷ. ವ್ಯಾಪಾರದ ಮೌಲ್ಯದ ಶೇ 269, ಮಾರ್ಜಿನ್‌ನ ಶೇ 672, ಖಾತೆಯ ಶೇ 86.

ಕೊಂಡ ಷೇರು ಬಿದ್ದರೆ ಆ ಹೂಡಿಕೆ ತಾನಾಗಿ ಚಿಕ್ಕದಾಗುತ್ತದೆ. 37ರ ಷೇರು 16 ಆದರೆ ಖಾತೆಯಲ್ಲಿ ಅದರ ಪಾಲು ಕಡಿಮೆಯಾಯಿತು, ಮುಂದಿನ ಪೆಟ್ಟೂ ಚಿಕ್ಕದು. ಶಾರ್ಟ್‌ನಲ್ಲಿ ನಷ್ಟವಾದಷ್ಟೂ ವ್ಯಾಪಾರ ದೊಡ್ಡದಾಗುತ್ತದೆ. ಪಕ್ಕದ ಮನೆಯಿಂದ ಕಡ ತಂದ ಅಕ್ಕಿಯ ಹಾಗೆ. ನೀವು ವಾಪಸ್ ಕೊಡಬೇಕಾದದ್ದು ದುಡ್ಡಲ್ಲ, ಅಕ್ಕಿಯೇ. ಇವತ್ತು ಅಕ್ಕಿ ಬೆಲೆ ನಾಲ್ಕು ಪಟ್ಟಾದರೆ ಕಡವೂ ನಾಲ್ಕು ಪಟ್ಟು. ಬೆಲೆ 59 ಆದಾಗ ಇವನ ವ್ಯಾಪಾರದ ಮೌಲ್ಯ 5.9 ಲಕ್ಷ, ಖಾತೆಯಲ್ಲಿ ಉಳಿದದ್ದು 70 ಸಾವಿರ. ಶುರುವಿನಲ್ಲಿ ಖಾತೆಯ ಶೇ 32 ಇದ್ದ ವ್ಯಾಪಾರ ಈಗ ಖಾತೆಯ ಎಂಟು ಪಟ್ಟಿಗಿಂತ ಜಾಸ್ತಿ. ಅವನು ಹೊಸದಾಗಿ ಒಂದು ಷೇರನ್ನೂ ಮಾರಿಲ್ಲ.

ನಿಜದಲ್ಲಿ ಅಲ್ಲಿಯ ತನಕ ಬ್ರೋಕರ್ ಬಿಡುವುದಿಲ್ಲ. ಫ್ಯೂಚರ್ಸ್‌ನಲ್ಲಿ ಪ್ರತಿ ಸಂಜೆ ಅವತ್ತಿನ ಬೆಲೆಗೆ ಮಾರ್ಕ್ ಟು ಮಾರ್ಕೆಟ್ ಲೆಕ್ಕವಾಗಿ ನಷ್ಟದ ದುಡ್ಡು ಖಾತೆಯಿಂದ ಹೋಗುತ್ತದೆ. ಮಾರ್ಜಿನ್ ಶೇ 40 ಹಾಗೇ ಇದ್ದರೆ 47 ರೂಪಾಯಿಯಲ್ಲಿ ಕಥೆ ಮುಗಿಯುತ್ತದೆ: ನಷ್ಟ 3.1 ಲಕ್ಷ, ಉಳಿದದ್ದು 1.9 ಲಕ್ಷ, ಬೇಕಾದ ಮಾರ್ಜಿನ್ 1.88 ಲಕ್ಷ. ಅದರ ಮೇಲೆ ಒಂದು ರೂಪಾಯಿ ಏರಿದರೂ ದುಡ್ಡು ಹಾಕಿ ಅಂತ ಮೆಸೇಜ್, ಹಾಕದಿದ್ದರೆ ಅವರೇ ಸ್ಕ್ವೇರ್ ಆಫ್ ಮಾಡುತ್ತಾರೆ. 17ರಂದು ಬೆಲೆ 37ರಿಂದ 59ಕ್ಕೆ ಹೋಗುವ ದಾರಿಯಲ್ಲಿ ಈ 47ನ್ನು ದಾಟಿಕೊಂಡೇ ಹೋಗಿತ್ತು. ಹೀಗೆ ಬಲವಂತವಾಗಿ ಕೊಳ್ಳುವ ಪ್ರತಿಯೊಬ್ಬನೂ ಬೆಲೆಯನ್ನು ಇನ್ನೊಂದಿಷ್ಟು ಮೇಲೆ ತಳ್ಳುತ್ತಾನೆ. ಶಾರ್ಟ್ ಸ್ಕ್ವೀಜ್ ಅನ್ನುವುದು ಇದಕ್ಕೇ.

ಬೆಲೆ ಇದ್ದಲ್ಲೇ ಇದೆ, ದುಡ್ಡು ಎಲ್ಲಿ ಹೋಯಿತು?

ಈ ಪ್ರಕರಣದಲ್ಲಿ ನನಗೆ ಅತಿ ಇಷ್ಟವಾದ ಲೆಕ್ಕ ಇದು. 5ನೇ ತಾರೀಕು ಸಂಜೆ ಬೆಲೆ 37. 16ನೇ ತಾರೀಕು ಸಂಜೆಯೂ 37. ನಡುವೆ 16 ಮತ್ತು 25.5 ಬಂದು ಹೋದವು. ಈ ಅವಧಿಗೆ ಶಾರ್ಟ್ ಮಾಡಿದವನ ಲಾಭ ಶೇಕಡಾ ಎಷ್ಟು?

ಸೊನ್ನೆ ಅಂತ ಬಾಯಿಗೆ ಬರುತ್ತದೆ. 37ಕ್ಕೆ 10,000 ಷೇರು ಮಾರಿ, ಕೈಕಟ್ಟಿ ಕೂತು, 37ಕ್ಕೆ ಕೊಂಡವನಿಗೆ ಅದು ಸರಿ.

ಇನ್ನೊಬ್ಬ ಪ್ರತಿ ಹಂತದಲ್ಲೂ ಮುಗಿಸಿ, ಮತ್ತೆ 1 ಲಕ್ಷ ರೂಪಾಯಿ ಮೌಲ್ಯಕ್ಕೇ ಶಾರ್ಟ್ ಮಾಡುತ್ತಾನೆ. ಶಿಸ್ತಿನ ಮನುಷ್ಯ, ಯಾವಾಗಲೂ ಒಂದೇ ಗಾತ್ರ. 37ರಿಂದ 16: ಶೇ 56.8 ಲಾಭ, 56,800 ರೂ. 16ರಿಂದ 25.5: ಶೇ 59.4 ನಷ್ಟ. 25.5ರಿಂದ 37: ಶೇ 45.1 ನಷ್ಟ. ಕೂಡಿದರೆ ಸುಮಾರು 47,700 ರೂಪಾಯಿ ಹೋಗಿದೆ. ಬೆಲೆ ಮಾತ್ರ ಎಲ್ಲಿತ್ತೋ ಅಲ್ಲೇ ಇದೆ.

ಮೂರನೆಯವನು ಇನ್ನೂ ಧೈರ್ಯವಂತ. ಬಂದ ಲಾಭವನ್ನೂ ಸೇರಿಸಿ ಪೂರ್ತಿ ದುಡ್ಡಿನಷ್ಟು ಮತ್ತೆ ಶಾರ್ಟ್ ಮಾಡುತ್ತಾನೆ. 1 ಲಕ್ಷ ಮೊದಲ ಹಂತಕ್ಕೆ 1,56,757 ಆಯಿತು. ಅದರಷ್ಟೇ ಮೌಲ್ಯಕ್ಕೆ 16ರಲ್ಲಿ ಶಾರ್ಟ್, 25.5ಕ್ಕೆ ಬಂದಾಗ ಉಳಿದದ್ದು 63,683. ಮತ್ತೆ ಅಷ್ಟಕ್ಕೇ ಶಾರ್ಟ್, 37ಕ್ಕೆ ಬಂದಾಗ ಕೈಯಲ್ಲಿ 35 ಸಾವಿರ. ಶೇ 65 ನಷ್ಟ.

ಯಾಕೆ ಹೀಗೆ? 37ರಲ್ಲಿ 1 ಲಕ್ಷಕ್ಕೆ ಮಾರಬೇಕಾದ ಷೇರುಗಳು ಸುಮಾರು 2,700. 16ರಲ್ಲಿ ಅದೇ 1 ಲಕ್ಷಕ್ಕೆ 6,250. ಬೆಲೆ ಬಿದ್ದಷ್ಟೂ ಹೆಚ್ಚು ಷೇರು ಮಾರಿ, ಏರುವಾಗ ಆ ಹೆಚ್ಚಿನ ಷೇರುಗಳ ಮೇಲೆ ನಷ್ಟ ತಿಂದ. ಮೂರನೆಯವನು 16ರಲ್ಲಿ ಹತ್ತಿರ ಹತ್ತಿರ 9,800 ಷೇರು ಮಾರಿದ್ದ. ಗೆದ್ದದ್ದು 2,700 ಷೇರಿನಲ್ಲಿ, ಸೋತದ್ದು 9,800ರಲ್ಲಿ.

ಹಾಗಾಗಿ ಬೇರೆ ಬೇರೆ ವ್ಯಾಪಾರಗಳ ಶೇಕಡಾವಾರನ್ನು ಸುಮ್ನೆ ಕೂಡಬಾರದು, ಸರಾಸರಿಯನ್ನೂ ತೆಗೆಯಬಾರದು. ಪ್ರತಿ ಸಲ ಒಂದೇ ರೂಪಾಯಿ ಮೌಲ್ಯ ಹಾಕಿದ್ದರೆ ಮಾತ್ರ ಕೂಡುವುದಕ್ಕೆ ಅರ್ಥ ಇರುತ್ತದೆ. ಇಲ್ಲದಿದ್ದರೆ ರೂಪಾಯಿಗಳನ್ನು ಕೂಡಿ, ಆಮೇಲೆ ಭಾಗಿಸಿ.

ಆವರೇಜ್ ಮಾಡುವವರೂ ಇಲ್ಲೇ ಎಡವುತ್ತಾರೆ. 16ಕ್ಕೆ 2,000 ಷೇರು ಮಾರಿದ, 25ಕ್ಕೆ ಏರಿದಾಗ ಇನ್ನೂ 8,000 ಮಾರಿದ, ಎಲ್ಲವನ್ನೂ 37ಕ್ಕೆ ಮುಗಿಸಿದ ಅಂದುಕೊಳ್ಳಿ. ಒಂದರಲ್ಲಿ ಶೇ 131 ನಷ್ಟ, ಇನ್ನೊಂದರಲ್ಲಿ ಶೇ 48. ಸರಾಸರಿ ಶೇ 90 ಅಂತ ಬರೆಯುವವರಿದ್ದಾರೆ. ಸರಿಯಾದ ಲೆಕ್ಕಕ್ಕೆ ಒಟ್ಟು ಮಾರಿದ ಮೊತ್ತ ಬೇಕು: 32,000 ಮತ್ತು 2 ಲಕ್ಷ, ಒಟ್ಟು 2.32 ಲಕ್ಷ. ಒಟ್ಟು ನಷ್ಟ 42,000 ಮತ್ತು 96,000, ಸೇರಿಸಿದರೆ 1.38 ಲಕ್ಷ. ಶೇ 59.5. ಶೇಕಡಾ ಕಡಿಮೆ ಕಂಡಿತು ಅಂತ ಸಮಾಧಾನ ಪಡುವ ಹಾಗಿಲ್ಲ. ಆವರೇಜ್ ಮಾಡದೆ 2,000 ಷೇರಿಗೇ ಸುಮ್ಮನಿದ್ದಿದ್ದರೆ ಹೋಗುತ್ತಿದ್ದದ್ದು 42 ಸಾವಿರ ಮಾತ್ರ. ಇಂಥ ಕಡೆ ಶೇಕಡಾವಾರಿಗಿಂತ ರೂಪಾಯಿಯೇ ನೇರವಾಗಿ ಮಾತಾಡುತ್ತದೆ.

ಖರ್ಚು

6ನೇ ತಾರೀಕಿನಂಥ ದಿನ ಖರ್ಚಿನ ಲೆಕ್ಕ ಯಾರಿಗೂ ಬೇಡ. ಮಾಮೂಲಿ ಇಂಟ್ರಾಡೇ ಶಾರ್ಟ್‌ನಲ್ಲಿ ಅದು ಬೇಕೇ ಬೇಕು. 37ಕ್ಕೆ 1,000 ಷೇರು ಮಾರಿ 36.50ಕ್ಕೆ ಕೊಂಡರೆ 500 ರೂಪಾಯಿ, ಶೇ 1.35. ಡಿಸ್ಕೌಂಟ್ ಬ್ರೋಕರ್ ಶೇ 0.03 ತೆಗೆದುಕೊಂಡರೆ ಎರಡೂ ಕಡೆ ಸೇರಿ 22 ರೂಪಾಯಿ. ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ) ಇಂಟ್ರಾಡೇಯಲ್ಲಿ ಮಾರಾಟದ ಮೇಲೆ ಮಾತ್ರ, ಶೇ 0.025, ಅಂದರೆ ಸುಮಾರು 9 ರೂಪಾಯಿ. ಸ್ಟಾಂಪ್ ಡ್ಯೂಟಿ ಕೊಳ್ಳುವ ಕಡೆ, ಒಂದು ರೂಪಾಯಿ ಚಿಲ್ಲರೆ. ಎಕ್ಸ್‌ಚೇಂಜ್ ಶುಲ್ಕ, ಅದರ ಮೇಲೂ ಬ್ರೋಕರೇಜ್ ಮೇಲೂ ಶೇ 18 ಜಿಎಸ್‌ಟಿ. ಎಲ್ಲ ಸೇರಿ 40 ರೂಪಾಯಿ ಹತ್ತಿರ. ಉಳಿದದ್ದು 460, ಶೇ 1.24. ಇಷ್ಟಾದರೆ ಚಿಂತೆಯಿಲ್ಲ. ಆದರೆ 10 ಪೈಸೆಗೆ ಆಡುವವರು ಇದ್ದಾರಲ್ಲ, ಅವರ 100 ರೂಪಾಯಿ ಲಾಭದಲ್ಲೂ ಇದೇ 40 ಹೋಗುತ್ತದೆ. ಬ್ರೋಕರ್ ಕಳಿಸುವ ಕಾಂಟ್ರಾಕ್ಟ್ ನೋಟ್‌ನ ಕೊನೆಯಲ್ಲಿರುವ ನಿವ್ವಳ ಮೊತ್ತವನ್ನೇ ಮೇಲಿನ ಸಂಖ್ಯೆಯಾಗಿ ಹಿಡಿಯಬೇಕು. ಕೆಳಗಿನ ಸಂಖ್ಯೆ ಮಾರಿದ ಮೊತ್ತವೇ.

ಇಂಟ್ರಾಡೇ ಶಾರ್ಟ್‌ಗೆ ಇನ್ನೊಂದು ಖರ್ಚು ಇದೆ, ಅದು ಅಪರೂಪ, ಆದರೆ ಬಂದರೆ ಲೆಕ್ಕವನ್ನೇ ಬುಡಮೇಲು ಮಾಡುತ್ತದೆ. ಅವತ್ತೇ ವಾಪಸ್ ಕೊಳ್ಳಲಾಗದಿದ್ದರೆ ಅದು ಶಾರ್ಟ್ ಡೆಲಿವರಿ. ನಿಮ್ಮ ಹತ್ತಿರ ಇಲ್ಲದ ಷೇರನ್ನು ಎಕ್ಸ್‌ಚೇಂಜ್ ಹರಾಜಿನಲ್ಲಿ ಕೊಂಡು, ನಿಮ್ಮಿಂದ ಕೊಂಡವನಿಗೆ ಕೊಡುತ್ತದೆ. ಹರಾಜಿನಲ್ಲೂ ಷೇರು ಸಿಗದಿದ್ದರೆ ಕ್ಲೋಸ್ ಔಟ್: ವ್ಯಾಪಾರದ ದಿನದಿಂದ ಹರಾಜಿನ ದಿನದವರೆಗಿನ ಅತಿ ಹೆಚ್ಚಿನ ಬೆಲೆ, ಅಥವಾ ಹರಾಜಿನ ದಿನದ ಮುಕ್ತಾಯ ಬೆಲೆಗಿಂತ ಶೇ 20 ಜಾಸ್ತಿ, ಯಾವುದು ಹೆಚ್ಚೋ ಅದು. ಮುಕ್ಕಾಲು ಪಾಲು ಷೇರುಗಳಿಗೆ ಬೀಗ ಬಿದ್ದ ವಾರದಲ್ಲಿ, 16ರಂದು 37ಕ್ಕೆ ಇಂಟ್ರಾಡೇ ಶಾರ್ಟ್ ಮಾಡಿ ಮುಚ್ಚಲಾಗದೆ ಉಳಿದವನ ಗತಿ ಊಹಿಸಿ. ಆಗ ಸೆಟಲ್‌ಮೆಂಟ್‌ಗೆ ಎರಡು ದಿನ ಹಿಡಿಯುತ್ತಿತ್ತು. ಅಂದರೆ 18ರ 88 ಕೂಡ ಆ ‘ಅತಿ ಹೆಚ್ಚಿನ ಬೆಲೆ’ಯೊಳಗೆ ಬರಬಹುದಿತ್ತು. ಹಾಗಾಗಿದ್ದರೆ 51 ರೂಪಾಯಿ ನಷ್ಟ, ಶೇ 138. ಅದೂ ಒಂದು ದಿನದ ಮಟ್ಟಿಗೆ ಅಂತ ಮಾಡಿದ ವ್ಯಾಪಾರದಲ್ಲಿ.

ಶೀಟನ್ನು ಸರಿಮಾಡುವುದು

ಬಹಳ ಕೆಲಸವಿಲ್ಲ. ‘ಕೊಂಡ ಬೆಲೆ’, ‘ಮಾರಿದ ಬೆಲೆ’ ಅನ್ನುವ ಕಾಲಮ್ ಹೆಸರುಗಳನ್ನು ಅಳಿಸಿ, ‘ಒಳಗೆ ಬಂದ ಬೆಲೆ’, ‘ಹೊರಗೆ ಹೋದ ಬೆಲೆ’ ಅಂತ ಬರೆಯಿರಿ. ಮೊದಲು ಕೊಂಡಿದ್ದರೆ ಪಕ್ಕದಲ್ಲಿ +1, ಮೊದಲು ಮಾರಿದ್ದರೆ −1. ಹೊರಗಿನ ಬೆಲೆಯಿಂದ ಒಳಗಿನ ಬೆಲೆ ಕಳೆದು, ಒಳಗಿನ ಬೆಲೆಯಿಂದ ಭಾಗಿಸಿ, ಆ +1 ಅಥವಾ −1ರಿಂದ ಗುಣಿಸಿ. ಎರಡೂ ಥರದ ವ್ಯಾಪಾರಕ್ಕೆ ಒಂದೇ ಸೂತ್ರ ಸಾಕು. ಇದರ ಪಕ್ಕ ನಿವ್ವಳ ರೂಪಾಯಿ, ಅವತ್ತಿನ ಮಾರ್ಜಿನ್, ಅವತ್ತಿನ ಖಾತೆಯ ಮೊತ್ತಕ್ಕೆ ಒಂದೊಂದು ಕಾಲಮ್. ಮಾರ್ಜಿನ್ ಮೇಲಿನ ಶೇಕಡಾ ಬೇಕೇ ಬೇಕು ಅನ್ನುವವರು ಇಟ್ಟುಕೊಳ್ಳಲಿ, ಆದರೆ ತಲೆಬರಹದಲ್ಲಿ ‘ಮಾರ್ಜಿನ್ ಮೇಲೆ’ ಅಂತ ಇರಲಿ.

ವರ್ಷಕ್ಕೆ ಹೊಂದಿಸಿದ ಶೇಕಡಾ ಅಂತ ಒಂದು ಕಾಲಮ್ ಕೆಲವರ ಶೀಟಿನಲ್ಲಿ ಇರುತ್ತದೆ. ಒಂದು ದಿನದ ಶೇ 57ನ್ನು ವರ್ಷದ ಲೆಕ್ಕಕ್ಕೆ ಎಳೆದರೆ ಬರುವ ಸಂಖ್ಯೆ ಬರೆಯಲು ಸೆಲ್‌ನಲ್ಲಿ ಜಾಗವೇ ಸಾಲದು. ಅದನ್ನು ತೆಗೆದುಹಾಕಿ. ಇಂಟ್ರಾಡೇ ಮತ್ತು ಫ್ಯೂಚರ್ಸ್‌ಗೆ ಬೇರೆ ಬೇರೆ ಹಾಳೆ ಇಟ್ಟರೆ ತೆರಿಗೆ ಸಮಯಕ್ಕೆ ಅನುಕೂಲ. ಷೇರಿನ ಇಂಟ್ರಾಡೇ ಆದಾಯವನ್ನು ಸ್ಪೆಕ್ಯುಲೇಟಿವ್ ಅಂತ ಎಣಿಸುತ್ತಾರೆ, ಅದರ ನಷ್ಟವನ್ನು ಅದೇ ಬಗೆಯ ಲಾಭದಲ್ಲಿ ಮಾತ್ರ ಕಳೆಯಬಹುದು. ಫ್ಯೂಚರ್ಸ್‌ನ ನಷ್ಟ ಆ ಗುಂಪಿಗೆ ಸೇರುವುದಿಲ್ಲ. ಯೆಸ್ ಬ್ಯಾಂಕ್ ಶಾರ್ಟ್ ಫ್ಯೂಚರ್ಸ್ ಹಾಳೆಗೆ ಹೋಗುತ್ತದೆ: ಒಳಗೆ 37, ಹೊರಗೆ 16, −1, ಶೇ 56.8.